ಬಂದರೇ ಇಲ್ಲದ ಕಾಲದ ಮದ್ರಾಸ್ ಕಡಲು: ಹಳೇ ಫೋಟೋಗಳನ್ನು ಓದುವುದು ಹೇಗೆ?

ಚೆನ್ನೈನ ಕಾಸಿಮೇಡು ಮೀನುಗಾರಿಕಾ ಬಂದರು ಇಂದಿನ ಫೋಟೋಗ್ರಾಫರ್‌ಗಳಿಗೆ ಅಚ್ಚುಮೆಚ್ಚು. ಒತ್ತೊತ್ತಾಗಿ ನಿಂತ ಬೋಟ್‌ಗಳು, ಬುಟ್ಟಿಗಳು, ನಸುಕಿನ ಹರಾಜು... ಫ್ರೇಮ್‌ನಲ್ಲಿ ಜಾಗವೇ ಉಳಿಯುವುದಿಲ್ಲ. ಆದರೆ ಇದೇ ಕರಾವಳಿಯ 19ನೇ ಶತಮಾನದ ಫೋಟೋಗಳಲ್ಲಿ ಹೆಚ್ಚಾಗಿ ಕಾಣುವುದು ಬಿಳಿಚಿದ ಆಕಾಶ, ಮಂಜಿನಂಥ ನೀರು, ದೂರದಲ್ಲಿ ಚುಕ್ಕೆಯಂತೆ ಹಡಗು.

ಮದ್ರಾಸಿಗೆ ನೈಸರ್ಗಿಕ ಬಂದರು ಇರಲಿಲ್ಲ. ಹಡಗುಗಳು ತೆರೆದ ಕಡಲಿನಲ್ಲೇ ಲಂಗರು ಹಾಕುತ್ತಿದ್ದವು. ಅಲ್ಲಿಂದ ಜನ, ಸರಕು ದಡ ಸೇರುತ್ತಿದ್ದುದು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಮಸೂಲಾ ದೋಣಿಗಳಲ್ಲಿ. ಹೀಗಾಗಿ ಕ್ಯಾಮೆರಾ ಮುಂದೆ ಇದ್ದದ್ದು ಮರಳು, ನೀರು, ಆಕಾಶ ಎಂಬ ಮೂರು ಅಡ್ಡ ಪಟ್ಟಿಗಳು ಮಾತ್ರ. ಎಕ್ಸ್‌ಪೋಶರ್‌ಗೆ ಹಲವು ಸೆಕೆಂಡ್ ಬೇಕಿದ್ದರಿಂದ ಅಲೆ ಅಳಿಸಿಹೋಗುತ್ತಿತ್ತು. ಅಂದಿನ ನೆಗೆಟಿವ್‌ಗಳು ನೀಲಿ ಬಣ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶದ ಮೋಡಗಳೂ ಮಾಯ. ಅಲುಗಾಡದೆ ನಿಲ್ಲುತ್ತಿದ್ದದ್ದು ದಡಕ್ಕೆ ಎಳೆದಿಟ್ಟ ದೋಣಿ. ಅದಕ್ಕೇ ಚಿತ್ರದ ಮುಂಭಾಗದಲ್ಲಿ ಅದಕ್ಕೆ ಜಾಗ.

ಖಾಲಿ ಜಾಗ ತುಂಬಲು ಕೈಚಳಕವೂ ನಡೆಯುತ್ತಿತ್ತು. 1850ರ ದಶಕದ ಆರಂಭದಲ್ಲಿ ಮದ್ರಾಸಿನ ಚಿತ್ರ ತೆಗೆದ ಫ್ರೆಡ್ರಿಕ್ ಫೀಬಿಗ್ ಅವರ ಪ್ರಿಂಟ್‌ಗಳಿಗೆ ಕುಂಚದಿಂದ ಬಣ್ಣ ಹಚ್ಚಲಾಗಿದೆ. 1854ರಲ್ಲಿ ಬೇಲೂರು, ಹಳೇಬೀಡಿನ ದೇಗುಲಗಳನ್ನು ಸೆರೆಹಿಡಿದು, ಮುಂದೆ ಮದ್ರಾಸ್ ಸರ್ಕಾರದ ಫೋಟೋಗ್ರಾಫರ್ ಆದ ಲಿನ್ನೇಯಸ್ ಟ್ರೈಪ್, 1855ರ ಬರ್ಮಾ ಚಿತ್ರಗಳ ನೆಗೆಟಿವ್ ಮೇಲೆ ಮೋಡಗಳನ್ನೇ ಬಿಡಿಸಿದ್ದರು. ಅಂದರೆ ಫೋಟೋಶಾಪ್ ಹೊಸದೇನಲ್ಲ!

1860ರ ದಶಕದ ಆರಂಭದಲ್ಲಿ ಕಡಲಿನೊಳಗೆ ಚಾಚಿದ ಕಬ್ಬಿಣದ ಪಿಯರ್ ಬಂತು. ಅಡ್ಡ ಪಟ್ಟಿಗಳ ನಡುವೆ ಕಣ್ಣನ್ನು ದಿಗಂತದತ್ತ ಒಯ್ಯುವ ಗೆರೆಯೊಂದು ಸಿಕ್ಕಿತು. 1880ರ ದಶಕದಲ್ಲಿ ಡ್ರೈ ಪ್ಲೇಟ್ ಬಳಕೆ ಹೆಚ್ಚಿದ ಮೇಲೆ ಅಲೆಯೂ ಸೆರೆಯಾಯಿತು. ನಂತರದ ಪೋಸ್ಟ್‌ಕಾರ್ಡ್‌ಗಳಲ್ಲಿ ಅಲೆ ಏರುವ ಕಟ್ಟುಮರಗಳೇ ನಾಯಕರು. ಬಹುತೇಕ ಕಾರ್ಡ್‌ಗಳಲ್ಲಿ ದೋಣಿಯ ಹೆಸರಿದೆ, ಹುಟ್ಟು ಹಾಕುವವರದ್ದಿಲ್ಲ.

ಈ ಚಿತ್ರಗಳಿಗೆ ಇಂದು ಇನ್ನೊಂದು ಬೆಲೆಯಿದೆ. ಕೃತಕ ಬಂದರಿಗೆ 1875ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆಯಾಯಿತು. 1881ರ ಚಂಡಮಾರುತಕ್ಕೆ ಹಾನಿಯಾದರೂ ಅಲೆತಡೆ ಗೋಡೆಗಳು ಮತ್ತೆ ಎದ್ದವು. ವರ್ಷದ ಹೆಚ್ಚಿನ ಕಾಲ ದಕ್ಷಿಣದಿಂದ ಉತ್ತರಕ್ಕೆ ಸಾಗುವ ಮರಳನ್ನು ಅವು ತಡೆದವು. ದಕ್ಷಿಣದಲ್ಲಿ ಮರೀನಾ ಬೀಚ್ ಅಗಲವಾಯಿತು. ಉತ್ತರದಲ್ಲಿ, ಕಾಸಿಮೇಡು ಇರುವ ರಾಯಪುರಂನಿಂದ ತಿರುವೊಟ್ಟಿಯೂರಿನವರೆಗೆ ಕಡಲು ದಡವನ್ನು ತಿಂದಿತು. ಮೀನುಗಾರರ ಮನೆಗಳೂ ಹೋದವು. ಈಗ ಅಲ್ಲಿ ಮರಳಿಗಿಂತ ಕಲ್ಲಿನ ರಾಶಿಯೇ ಹೆಚ್ಚು.

ದಡ ಮೊದಲು ಎಲ್ಲಿತ್ತು ಎನ್ನುವುದಕ್ಕೆ ಹಳೇ ಫೋಟೋ ಸಾಕ್ಷಿಯಾಗಬಲ್ಲದು. ಆದರೆ ಕ್ಯಾಮೆರಾ ಎಲ್ಲಿ ನಿಂತಿತ್ತು ಎಂಬುದನ್ನು ಮೊದಲು ಗಮನಿಸಬೇಕು. ಮಹಡಿಯಿಂದ ತೆಗೆದ ಚಿತ್ರದಲ್ಲಿ ಮರಳು ಅಗಲವಾಗಿ ಕಾಣುತ್ತದೆ, ಮರಳಿನ ಮೇಲೇ ನಿಂತು ತೆಗೆದರೆ ಅದೇ ದಡ ಗೆರೆಯಷ್ಟು ತೆಳ್ಳಗಾಗುತ್ತದೆ. ಹಿನ್ನೆಲೆಯಲ್ಲಿ ಇಂದಿಗೂ ಇರುವ ಕಟ್ಟಡವೊಂದು ಸಿಕ್ಕರೆ ಹೋಲಿಕೆ ಸುಲಭ. ಕೋಟೆಯ ಸುತ್ತಮುತ್ತ ಅಂಥ ಕಟ್ಟಡಗಳು ಸಾಕಷ್ಟಿವೆ, ಮೀನುಗಾರರ ಗುಡಿಸಲುಗಳಿದ್ದ ಉತ್ತರದ ದಡದಲ್ಲಿ ತೀರಾ ಕಡಿಮೆ.