ಕನೂ ಒಡಲಿನ ಫೋಮ್ ಗೋಡೆ: ಥರ್ಮೊಕೋಲ್‌ನಿಂದ ಮಿನಿಸೆಲ್‌ವರೆಗೆ

ಡೆಕ್ ಮುಚ್ಚಿದ ಕನೂ ನೊರೆನೀರಿನಲ್ಲಿ ಬಂಡೆಗೆ ಅಡ್ಡಲಾಗಿ ಸಿಕ್ಕಿಕೊಂಡರೆ, ಒಳಗೆ ಮೊಣಕಾಲೂರಿ ಕೂತವರಿಗೆ ಸಿಗುವ ಸಮಯ ತೀರಾ ಕಡಿಮೆ. ಸೆಕೆಂಡಿಗೆ 3 ಮೀಟರ್ ವೇಗದ ಹರಿವು ಪ್ರತಿ ಚದರ ಮೀಟರಿನ ಮೇಲೆ ಸುಮಾರು 450 ಕಿಲೋ ಭಾರದಷ್ಟು ಒತ್ತುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಡೆಕ್ ಕುಸಿದು ಕಾಲು ಹಿಡಿದುಕೊಂಡರೆ ಎಂಥ ಈಜುಗಾರನೂ ಹೊರಬರಲಾರ. ಅದಕ್ಕಾಗಿಯೇ ದೋಣಿಯ ನಟ್ಟನಡುವೆ, ಉದ್ದಕ್ಕೆ, ತಳದಿಂದ ಡೆಕ್‌ವರೆಗೆ ಫೋಮ್ ಗೋಡೆ ನಿಲ್ಲಿಸುತ್ತಾರೆ. ಯಾವ ಫೋಮ್ ಎಂಬ ಪ್ರಶ್ನೆಗೆ ಉತ್ತರ ದೋಣಿಯ ಒಡಲಿನ ಜೊತೆಜೊತೆಗೇ ಬದಲಾಗುತ್ತ ಬಂದಿದೆ.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ನೊರೆನೀರಿನ ದೋಣಿ ಸ್ಪರ್ಧೆಯಾದ ಸ್ಲಾಲಂ ಮೊದಲ ಬಾರಿಗೆ ಸೇರ್ಪಡೆಯಾದಾಗ ಫೈಬರ್‌ಗ್ಲಾಸ್ ದೋಣಿಗಳ ಕಾಲ. ಆ ಒಡಲು ತಾನೇ ಗಡುಸು. ಮಿತಿ ಮೀರಿದರೆ ಮುರಿಯುತ್ತದೆ. ಗ್ರಾಂ ಗ್ರಾಂ ಲೆಕ್ಕ ಹಾಕುವ ಪಂದ್ಯದ ದೋಣಿಗೆ ನಾವು ಥರ್ಮೊಕೋಲ್ ಎನ್ನುವ ಪಾಲಿಸ್ಟೈರೀನ್ ಚೆನ್ನಾಗಿಯೇ ಹೊಂದುತ್ತದೆ: ಹಗುರ, ನೇರ ಒತ್ತಡಕ್ಕೆ ಜಗ್ಗುವುದಿಲ್ಲ. ಆದರೆ ಪೆಟ್ಟು ಬಿದ್ದರೆ ಪುಡಿಯಾಗುತ್ತದೆ. ಫೈಬರ್‌ಗ್ಲಾಸ್‌ಗೆ ಬಳಸುವ ಪಾಲಿಯೆಸ್ಟರ್ ರಾಳ ತಾಗಿದರೂ ಸಾಕು, ಅದರಲ್ಲಿನ ಸ್ಟೈರೀನ್‌ಗೆ ಕಣ್ಣೆದುರೇ ಕರಗಿಹೋಗುತ್ತದೆ. ಎಪಾಕ್ಸಿಯಾದರೆ ಆ ಭಯವಿಲ್ಲ.

1970ರ ದಶಕದಲ್ಲಿ ಅಮೆರಿಕದ ಹಾಲೋಫಾರ್ಮ್ ಕಂಪನಿ ರಿವರ್ ಚೇಸರ್ ಎಂಬ ಪಾಲಿಎಥಿಲೀನ್ ಕಯಾಕ್ ತಂದಿತು. ಇಡೀ ಲೆಕ್ಕಾಚಾರ ತಲೆಕೆಳಗಾದದ್ದು ಈ ಪ್ಲಾಸ್ಟಿಕ್‌ನಿಂದ. ಬಂಡೆಗೆ ಬಡಿದರೂ ಒಡೆಯದ ಒಡಲು ಮಡಚಿಕೊಳ್ಳುತ್ತದೆ, ಕೂತವರನ್ನು ಒಳಗಿಟ್ಟುಕೊಂಡೇ ಮಡಚಿಕೊಳ್ಳುತ್ತದೆ. ಹೀಗಾಗಿ ಗೋಡೆಯ ಮೇಲೆ ಜೀವದ ಹೊಣೆ ಬಿತ್ತು. ಆ ಕೆಲಸಕ್ಕೆ ಹೆಚ್ಚಾಗಿ ಒದಗಿದ್ದು ಡೌ ಕಂಪನಿಯ ಎಥಾಫೋಮ್. ಘನ ಮೀಟರಿಗೆ 35 ಕಿಲೋ ಆಸುಪಾಸಿನ ತೂಕ, ದಪ್ಪ ದಪ್ಪ ಗುಳ್ಳೆ. ನೀರು ಕುಡಿಯುವುದಿಲ್ಲ, ಅಮುಕಿದರೆ ಮತ್ತೆ ಮೇಲೇಳುತ್ತದೆ. ಅಂಟು ಹಿಡಿಯದಿರುವುದೇ ಅದರ ದೊಡ್ಡ ಕೊರತೆ.

ಅಂಟಿನ ತೊಡಕಿಲ್ಲದೆ ಬಂದದ್ದು ಮಿನಿಸೆಲ್. ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆದ ಪಾಲಿಎಥಿಲೀನ್ ಇದು. ಚಾಕುವಿಗೆ ಬೆಣ್ಣೆಯಂತೆ ಒಪ್ಪುತ್ತದೆ, ಅರದಿಂದ ಉಜ್ಜಿದರೆ ಬೇಕಾದ ಬಾಗು ಬರುತ್ತದೆ. ಎರಡೂ ಮುಖಗಳಿಗೆ ಕಾಂಟ್ಯಾಕ್ಟ್ ಸಿಮೆಂಟ್ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿದರೆ ಕೀಳುವುದು ಕಷ್ಟ. ಆದರೆ ಎಥಾಫೋಮ್‌ಗಿಂತ ಸ್ವಲ್ಪ ಮೆದು. ಹಾಗಾಗಿ ಆಸನಕ್ಕೆ, ಮೊಣಕಾಲಿನ ಮೆತ್ತೆಗೆ ಮಿನಿಸೆಲ್, ಗೋಡೆಗೆ ಎಥಾಫೋಮ್ ಎಂಬ ಹಂಚಿಕೆಯೇ ನನ್ನ ದೃಷ್ಟಿಯಲ್ಲಿ ಸರಿಯಾದದ್ದು.

ಫೋಮ್‌ನ ಹೆಸರಿಗಿಂತ ಅದರ ದಪ್ಪಕ್ಕೆ, ಅದನ್ನು ಕೂರಿಸುವ ರೀತಿಗೆ ಹೆಚ್ಚು ಗಮನ ಕೊಡಬೇಕು ಎಂದು ಒತ್ತಿ ಹೇಳುತ್ತೇನೆ. ತೆಳು ಗೋಡೆ ಅಮುಕಿಹೋಗುವ ಮೊದಲೇ ಪಕ್ಕಕ್ಕೆ ಬಾಗುತ್ತದೆ. ದಪ್ಪ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಬಲ ಎಂಟು ಪಟ್ಟು. ಬಿಗಿಯಿಲ್ಲದ ಗೋಡೆ ಮಗುಚಿದ ದೋಣಿಯಲ್ಲಿ ಕಳಚಿ ಕಾಲಿಗೇ ಅಡ್ಡ ಬೀಳುತ್ತದೆ, ಅದು ಗೋಡೆ ಇಲ್ಲದ್ದಕ್ಕಿಂತ ಅಪಾಯ. ಪಾಲಿಎಥಿಲೀನ್ ತಳಕ್ಕೆ ಬರೀ ಅಂಟನ್ನು ನಂಬುವಂತಿಲ್ಲ: ಗೋಡೆಯ ಬುಡವನ್ನು ಬೋಲ್ಟ್ ಹಾಕಿದ ಆಸನದ ಚೌಕಟ್ಟಿಗೆ ಸಿಕ್ಕಿಸಬೇಕು, ಎತ್ತರವನ್ನು ಕೂದಲೆಳೆ ಹೆಚ್ಚೇ ಕತ್ತರಿಸಿ ಡೆಕ್ ಕೆಳಗೆ ಬಿಗಿಯಾಗಿ ತೂರಿಸಬೇಕು, ಪ್ರತಿ ಸಲ ನೀರಿಗಿಳಿಯುವ ಮುನ್ನ ಕೈಯಿಂದ ಅಲುಗಾಡಿಸಿ ನೋಡಬೇಕು.