ಹಿಡಿದ ಮೀನು, ಬಿಟ್ಟ ಮೀನು

ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳನ್ನು ವಿವರಿಸುವ ಭಾಗವೊಂದಿದೆ. ಅದರಲ್ಲಿ ಮತ್ಸ್ಯವಿನೋದಕ್ಕೂ ಒಂದು ಪ್ರಕರಣ ಮೀಸಲಾಗಿದೆ. ಯಾವ ಮೀನಿಗೆ ಯಾವ ಆಹಾರವೊಡ್ಡಬೇಕು, ಗಾಳದ ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂಬುದನ್ನೆಲ್ಲ ಅರಸನು ಅಕ್ಕರೆಯಿಂದಲೇ ನಿರೂಪಿಸಿದ್ದಾನೆ. ಹೊಟ್ಟೆಪಾಡಿಗೆ ಮೀನು ಹಿಡಿಯುವುದು ಬೇರೆ, ವಿನೋದಕ್ಕೆ ಹಿಡಿಯುವುದು ಬೇರೆ ಎಂಬ ಭೇದ ನಮ್ಮ ನಾಡಿಗೆ ಹೊಸದಲ್ಲ. ಆದರೆ ಆ ವಿನೋದವು ಪಂದ್ಯವಾಗಿ, ಪಂದ್ಯಕ್ಕೆ ಹಣ ಬಂದು ಸೇರಿದರೆ ಏನಾದೀತು? ಈ ಪ್ರಶ್ನೆಯನ್ನು ಬೆನ್ನಟ್ಟಿ ಹೋದ ನಾನು ಅಮೆರಿಕದ ಬಾಸ್ ಎಂಬ ಮೀನಿನ ಚರಿತ್ರೆಗೆ ಬಂದು ನಿಂತೆ.

ಬಾಸ್ ಉತ್ತರ ಅಮೆರಿಕದ ಪೂರ್ವಭಾಗದ ಸಿಹಿನೀರಿನ ಮೀನು. ಅದರಲ್ಲಿ ದೊಡ್ಡ ಬಾಯಿಯ ಜಾತಿಯೊಂದಿದೆ. ಕಪ್ಪೆ, ಸಿಗಡಿ, ಸಣ್ಣ ಮೀನು, ಬಾಯಿಗೆ ಹಿಡಿಸಿದ್ದೆಲ್ಲವನ್ನೂ ಅದು ನುಂಗುತ್ತದೆ. ಇಷ್ಟು ಕ್ರೂರವಾದ ಮೀನಿನ ಸಂಸಾರ ಮಾತ್ರ ಕೋಮಲವಾದುದು. ವಸಂತದಲ್ಲಿ ಗಂಡುಮೀನು ದಡದ ಬಳಿಯ ಆಳವಿಲ್ಲದ ನೀರಿನಲ್ಲಿ ಗೂಡು ಮಾಡಿ, ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋದ ಮೇಲೆ, ತಾನೊಂದೇ ಮೊಟ್ಟೆಮರಿಗಳಿಗೆ ಕಾವಲು ನಿಲ್ಲುತ್ತದೆ. ಈ ಸಂಗತಿಯನ್ನು ಕೇಳುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಬಾಸ್ ಹಿಡಿಯುವುದು ಮೊದಲು ಬಡವರ ಕೆಲಸವಾಗಿತ್ತು. 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಎಂಬ ತರುಣ ರೈತನು 22 ಪೌಂಡು 4 ಔನ್ಸು ತೂಗಿದ ಬಾಸ್ ಮೀನನ್ನು ಹಿಡಿದನು. ಅದು ವಿಶ್ವದಾಖಲೆ. ಆದರೆ ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ದಾಖಲೆಗಿಂತ ಒಲೆ ದೊಡ್ಡದು. ಆ ಮೀನನ್ನು ಮನೆಯವರು ಬೇಯಿಸಿ ಉಂಡರು. ಅನಂತರದ ದಶಕಗಳಲ್ಲಿ ಅಮೆರಿಕ ಸರಕಾರವು ನದಿಗಳಿಗೆ ಒಂದರ ಮೇಲೊಂದು ಅಣೆಕಟ್ಟು ಕಟ್ಟಿತು. ಹರಿಯುವ ನೀರು ನಿಂತ ನೀರಾಯಿತು; ಮುಳುಗಿದ ಕಾಡುಗಳ ಬುಡ ಬೊಡ್ಡೆಗಳಲ್ಲಿ ಬಾಸ್ ಹುಲುಸಾಗಿ ಬೆಳೆಯಿತು. ಬಾಸ್ ಪಂದ್ಯವು ಅಣೆಕಟ್ಟುಗಳ ಮಗು ಎಂದರೆ ತಪ್ಪಾಗಲಾರದು.

ಆರ್ಕನ್ಸಾ ರಾಜ್ಯದ ಬೀವರ್ ಸರೋವರವೂ ಅಂಥದೇ. ವೈಟ್ ನದಿಗೆ 1960ರ ದಶಕದಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಅದು. 1967ರ ಜೂನ್ ತಿಂಗಳಲ್ಲಿ ಅಲಬಾಮಾದ ರೇ ಸ್ಕಾಟ್ ಎಂಬ ವಿಮಾ ಪ್ರತಿನಿಧಿ ಅಲ್ಲಿ ಮೂರು ದಿನಗಳ ಪಂದ್ಯವೊಂದನ್ನು ಏರ್ಪಡಿಸಿದನು. ತಲಾ 100 ಡಾಲರು ತೆತ್ತು 13 ರಾಜ್ಯಗಳ 106 ಮಂದಿ ಸೇರಿದರು. ಗೆದ್ದವನು ಟೆನ್ನೆಸ್ಸಿಯ ಸ್ಟಾನ್ ಸ್ಲೋನ್. ಮೀನಿನ ಪಂದ್ಯಗಳು ಅದಕ್ಕೆ ಮುಂಚೆಯೂ ಇದ್ದುವು. ಆದರೆ ಅಂಗಡಿಯಿಂದ ಕೊಂಡ ಮೀನನ್ನು ತಕ್ಕಡಿಗಿಡುವ ವಂಚನೆಯಿಂದ ಅವುಗಳ ಹೆಸರು ಕೆಟ್ಟಿತ್ತು. ಸ್ಕಾಟ್ ತಂದದ್ದು ಕಟ್ಟುನಿಟ್ಟಾದ ನಿಯಮಗಳನ್ನು. ಮರುವರ್ಷವೇ ಅವನು ಕಟ್ಟಿದ ಬಾಸ್ ಗಾಳಗಾರರ ಸಂಘವು ಪತ್ರಿಕೆಯನ್ನೂ ಹೊರಡಿಸತೊಡಗಿತು. 1970ರ ದಶಕದ ಆರಂಭದಲ್ಲಿ, ನದಿಗೆ ಕೊಳಕು ಬಿಡುತ್ತಿದ್ದ ಸುಮಾರು 200 ಕಾರ್ಖಾನೆಗಳ ಮೇಲೆ ಅದು ಮೊಕದ್ದಮೆ ಹೂಡಿತು.

1971ರಲ್ಲಿ ಸ್ಕಾಟ್ ಆರಿಸಿದ 24 ಮಂದಿ ಸ್ಪರ್ಧಿಗಳು ವಿಮಾನ ಹತ್ತಿದಾಗ, ತಾವು ಹೋಗುತ್ತಿರುವ ಸರೋವರ ಯಾವುದೆಂದು ಅವರಿಗೇ ತಿಳಿದಿರಲಿಲ್ಲ. ಆಕಾಶಕ್ಕೆ ಏರಿದ ಮೇಲೆ ಗುಟ್ಟು ಹೊರಬಂದಿತು: ಹೂವರ್ ಅಣೆಕಟ್ಟಿನ ಹಿಂದೆ ಮರುಭೂಮಿಯ ನಡುವೆ ಹರಡಿಕೊಂಡ ಮೀಡ್ ಸರೋವರ. ಮೊದಲೇ ಹೋಗಿ ನೀರನ್ನು ಪರಿಚಯ ಮಾಡಿಕೊಂಡವನಿಗೆ ಅನುಕೂಲವಾಗಬಾರದೆಂಬುದು ಉದ್ದೇಶ. ದೋಣಿಗಳೂ ಎಲ್ಲರಿಗೂ ಒಂದೇ ತೆರನಾಗಿದ್ದುವು. ಬಾಬಿ ಮರ್ರೆ ಎಂಬಾತ ಗೆದ್ದು 10,000 ಡಾಲರುಗಳನ್ನು ಪಡೆದನು.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ತಿರುವು 1972ನೆಯ ಇಸವಿ. ಅದುವರೆಗೆ ತೂಗಿದ ಮೀನು ಸತ್ತ ಮೀನಾಗಿತ್ತು. ಅಂದಿನಿಂದ ಹಿಡಿದ ಮೀನನ್ನು ಕೊಲ್ಲದಿರಿ ಎಂಬ ಪ್ರಚಾರವನ್ನು ಸ್ಕಾಟ್ ಕೈಗೊಂಡನು. ದೋಣಿಯೊಳಗೆ ನೀರಿನ ತೊಟ್ಟಿ, ಆ ನೀರಿಗೆ ಗಾಳಿಯೂಡುವ ಯಂತ್ರ, ಜೀವಂತವಾಗಿ ತೂಗಿದ ಮೀನು ಮರಳಿ ಸರೋವರಕ್ಕೆ, ಸತ್ತ ಮೀನು ತಂದವನ ತೂಕದಲ್ಲಿ ಕಡಿತ: ಇಂಥ ಏರ್ಪಾಡುಗಳು ಬಂದುವು. ಇಂದಿನ ದೊಡ್ಡ ಪಂದ್ಯಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ಐದೇ ಮೀನು ಲೆಕ್ಕಕ್ಕೆ. ಐದು ಸಿಕ್ಕ ಮೇಲೆ ಆರನೆಯದು ದೊಡ್ಡದಾದರೆ ಚಿಕ್ಕದೊಂದನ್ನು ಬಿಟ್ಟುಕೊಡಬೇಕು. ಗೊತ್ತಾದ ವೇಳೆಗೆ ದಡ ಸೇರದವನಿಗೂ ತೂಕ ಕಡಿತವಾಗುತ್ತದೆ.

ಇದು ಕರುಣೆಯೋ, ಸ್ವಾರ್ಥವೋ? ನಾಳೆಯ ಪಂದ್ಯಕ್ಕೆ ಮೀನು ಬೇಕಲ್ಲವೆ ಎಂದು ಕೇಳುವವರಿದ್ದಾರೆ. ಅವರ ಮಾತಿಗೆ ಆಧಾರವಿಲ್ಲದಿಲ್ಲ. ಗೂಡು ಕಾಯುವ ಗಂಡುಮೀನನ್ನು ಎತ್ತಿ, ತೊಟ್ಟಿಯಲ್ಲಿಟ್ಟು, ಹಲವು ಮೈಲಿಗಳಾಚೆ ತೂಕದ ಕಟ್ಟೆಯ ಬಳಿ ಬಿಟ್ಟರೆ ಅದು ಬದುಕಬಹುದು. ಆದರೆ ಕಾವಲಿಲ್ಲದ ಮೊಟ್ಟೆಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಬಿಡುವುದು ಎಂದರೆ ಇದ್ದಲ್ಲಿಗೆ ಮರಳಿಸುವುದು ಎಂದಲ್ಲ. ನಿಯಮವೆಷ್ಟು ಬಿಗಿಯಾದರೂ ಆಸೆ ನುಸುಳಲು ಸಂದು ಹುಡುಕುತ್ತದೆ: 2022ರ ಸೆಪ್ಟೆಂಬರಿನಲ್ಲಿ ಈರೀ ಸರೋವರದ, ಬೇರೊಂದು ಜಾತಿಯ ಮೀನಿನ ಪಂದ್ಯದಲ್ಲಿ ಗೆದ್ದವರ ಮೀನುಗಳನ್ನು ಸೀಳಿದಾಗ ಹೊಟ್ಟೆಯಲ್ಲಿ ಸೀಸದ ಗುಂಡುಗಳು ಸಿಕ್ಕಿದುವು.

ಆದರೂ ಒಂದು ಮಾತನ್ನು ಒಪ್ಪಬೇಕು. ಐದು ದಶಕಗಳಲ್ಲಿ ಒಂದು ದೇಶದ ಲಕ್ಷಾಂತರ ಗಾಳಗಾರರ ಅಭ್ಯಾಸವೇ ಬದಲಾಯಿತು. ಪೆರಿಯ ಕಾಲಕ್ಕೆ ಹುಚ್ಚುತನವೆನಿಸಬಹುದಾಗಿದ್ದುದು ಮೊಮ್ಮಕ್ಕಳ ಕಾಲಕ್ಕೆ ಮರ್ಯಾದೆಯ ನಡತೆಯಾಯಿತು.

ಈಗ ಜಪಾನಿಗೆ ಬರೋಣ. 1925ರಲ್ಲಿ ಅಕಾಬೋಶಿ ಎಂಬ ಉದ್ಯಮಿ ಅಮೆರಿಕದಿಂದ ಬಾಸ್ ತಂದು ಆಶಿ ಸರೋವರದಲ್ಲಿ ಬಿಟ್ಟನು. 1974ರಲ್ಲಿ ಅದು ಆ ದೇಶದ ಅತ್ಯಂತ ದೊಡ್ಡ ಸರೋವರವಾದ ಬಿವಾದಲ್ಲಿ ಕಾಣಿಸಿಕೊಂಡಿತು. ಸುಮಾರು 670 ಚದರ ಕಿಲೋಮೀಟರು ವಿಸ್ತಾರದ ಆ ಸರೋವರ ಬಹಳ ಪ್ರಾಚೀನವಾದುದು. ಬೇರೆಲ್ಲೂ ಇಲ್ಲದ ಮೀನುಗಳ ತವರು. ಅಲ್ಲಿನ ನಿಗೊರೊಬುನಾ ಎಂಬ ಮೀನನ್ನು ಉಪ್ಪು ಅನ್ನಗಳಲ್ಲಿ ತಿಂಗಳುಗಟ್ಟಲೆ ಹುಳಿಯಿಸಿ ಮಾಡುವ ಫುನಾಜುಶಿ ಆ ಸೀಮೆಯ ಹೆಮ್ಮೆಯ ತಿನಿಸು. ಬಾಸ್ ಬಂದು ಇಂಥ ಮೀನುಗಳ ಮರಿಗಳನ್ನು ನುಂಗಿತು; ಅದನ್ನು ಹಿಂಬಾಲಿಸಿ ಗಾಳಗಾರರೂ ಪಂದ್ಯಗಳೂ ಬಂದುವು. ಕೊನೆಗೆ ಶಿಗಾ ಪ್ರಾಂತವು 2002ರಲ್ಲಿ ಕಾನೂನು ಮಾಡಿತು; ಅದು 2003ರಲ್ಲಿ ಜಾರಿಗೆ ಬಂದಿತು: ಹಿಡಿದ ಬಾಸ್ ಮೀನನ್ನು ಮರಳಿ ನೀರಿಗೆ ಬಿಡಕೂಡದು. ಹಿಡಿದದ್ದನ್ನು ಹಾಕಲು ದಡದಲ್ಲಿ ಪೆಟ್ಟಿಗೆಗಳನ್ನಿಟ್ಟರು. ಬಿಡುವುದು ನಮ್ಮ ಹಕ್ಕು ಎಂದು ನ್ಯಾಯಾಲಯಕ್ಕೆ ಹೋದವರು 2005ರಲ್ಲಿ ಸೋತರು. ವಿಧಿಯ ವಿನೋದವೆಂಬಂತೆ, 2009ರ ಜುಲೈ 2ರಂದು ಪೆರಿಯ ದಾಖಲೆಯನ್ನು ಸರಿಗಟ್ಟಿದ ಮೀನು ಇದೇ ಬಿವಾ ಸರೋವರದಲ್ಲಿ ಮನಾಬು ಕುರಿತಾ ಎಂಬವರ ಗಾಳಕ್ಕೆ ಸಿಕ್ಕಿತು.

ಬಿವಾದ ಇನ್ನೊಂದು ಪಿಡುಗು ಬ್ಲೂಗಿಲ್ ಎಂಬ ಮೀನು. 1960ರಲ್ಲಿ ಷಿಕಾಗೋ ನಗರದ ಮೇಯರರಿಂದ ಅದನ್ನು ಕಾಣಿಕೆಯಾಗಿ ಪಡೆದು ತಂದವರು ಆಗಿನ ಯುವರಾಜ ಅಕಿಹಿತೊ. ಸ್ವತಃ ಮತ್ಸ್ಯಶಾಸ್ತ್ರಜ್ಞರಾದ ಅವರು, ಚಕ್ರವರ್ತಿಯಾಗಿದ್ದ 2007ರಲ್ಲಿ, ಬಿವಾ ಸರೋವರದ ದಡದಲ್ಲಿರುವ ಓತ್ಸು ನಗರದ ಸಭೆಯಲ್ಲಿ ಅದಕ್ಕಾಗಿ ಬಹಿರಂಗವಾಗಿ ವ್ಯಥೆಪಟ್ಟರು. ಅರಸರ ಮತ್ಸ್ಯವಿನೋದದ ಚರಿತ್ರೆಯಲ್ಲಿ ಇಂಥ ಮಾತು ಅಪರೂಪವಾದುದು.

ಒಂದೇ ಮೀನು, ಒಂದೇ ಗಾಳ. ಒಂದು ದಡದಲ್ಲಿ ಬಿಟ್ಟವನು ಸಜ್ಜನ. ಇನ್ನೊಂದು ದಡದಲ್ಲಿ ಬಿಟ್ಟವನು ಕಾನೂನು ಮೀರಿದವನು. ಹಾಗಾದರೆ ಧರ್ಮಕ್ಕೆ ನೆಲೆಯೇ ಇಲ್ಲವೆ ಎಂದು ಕೆಲವರು ಕೇಳಿಯಾರು. ನೆಲೆ ಉಂಟು, ಅದು ಕೈಯಲ್ಲಿ ಮಿಡುಕುವ ಒಂದು ಮೀನಿನಲ್ಲಿಲ್ಲ, ಆ ಮೀನು ಬದುಕುವ ಇಡೀ ನೀರಿನಲ್ಲಿದೆ. ಹೊರಗಿನ ಮೀನನ್ನು ತಂದು ನಮ್ಮ ಕೆರೆಗಳಿಗೆ ಬಿಡುವ ಮುನ್ನ, ಆ ನೀರಿನಲ್ಲಿ ಈಗಾಗಲೇ ಯಾರು ಬದುಕುತ್ತಿದ್ದಾರೆಂದು ನಾವು ಮೊದಲು ವಿಚಾರಿಸಬೇಕು. ಬಿವಾ ಸರೋವರದವರಿಗೆ ಈ ವಿಚಾರ ಹೊಳೆಯುವ ಹೊತ್ತಿಗೆ ತಡವಾಗಿತ್ತು. ನಮಗೆ ಅವರ ಉದಾಹರಣೆ ಎದುರಿಗಿದೆ.