ಮುತ್ಯಾನ ಅಪ್ಪ ಯಾರು? ನಿಜಾಮರ ಕಾಲದ ಕಾಗದದಾಗ ಹುಡುಕೋದು ಹಿಂಗ

ಕಲಬುರಗಿ: ಮುತ್ಯಾನ ಹೆಸರು ಎಲ್ಲರಿಗೂ ಗೊತ್ತಿರ್ತದ. ಮುತ್ಯಾನ ಅಪ್ಪನ ಹೆಸರು ಕೇಳಿದ್ರ ಮನ್ಯಾಗ ಒಬ್ಬರ ಮುಖ ಒಬ್ಬರು ನೋಡ್ತಾರ. ಹೊಲದ ಪಾಲು, ಪೌತಿ ಖಾತೆ, ವಂಶವೃಕ್ಷದ ಅರ್ಜಿ ಬಂದಾಗಲೇ ಈ ಪ್ರಶ್ನೆ ಏಳೋದು. ಅಷ್ಟರಲ್ಲಿ ಹೇಳಬೇಕಾದ ಹಿರಿಯರು ತೀರಿಕೊಂಡಿರ್ತಾರ.

'ಬ್ರಿಟಿಷರ ಕಾಲದ ಮುತ್ಯಾ' ಅಂತ ಮಾತಿಗೆ ಅಂದರೂ ಕಲಬುರಗಿ ಜಿಲ್ಲೆ ನೇರವಾಗಿ ಬ್ರಿಟಿಷರ ಕೈಯಲ್ಲಿ ಇರಲಿಲ್ಲ. 1948ರ ಸೆಪ್ಟೆಂಬರ್ 17ರ ತನಕ ಇದು ಹೈದರಾಬಾದ್ ನಿಜಾಮರ ಸಂಸ್ಥಾನ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಧಾರವಾಡ, ವಿಜಯಪುರದವರಂತೆ ಮುಂಬೈ ಸರ್ಕಾರದ ದಾಖಲೆ ಹುಡುಕಿದರೆ ಇಲ್ಲಿನವರಿಗೆ ಏನೂ ಸಿಗೋದಿಲ್ಲ. ನಿಜಾಮರ ಕಚೇರಿ ಭಾಷೆ ಮೊದಲು ಫಾರ್ಸಿ, 1880ರ ದಶಕದಿಂದ ಉರ್ದು.

ಮೊದಲು ಮನೆ

ಕಬ್ಬಿಣದ ಪೆಟ್ಟಿಗೆಯಲ್ಲಿರುವ ಹಳೇ ಕ್ರಯಪತ್ರ, ತೆರಿಗೆ ಪಾವತಿ, ಮದುವೆ ಪತ್ರಿಕೆ ಒಂದೂ ಎಸೀಬ್ಯಾಡ್ರಿ. ಮನೆಗೆ ಹೆಳವರು ಬರುವ ರೂಢಿ ಇದ್ದರೆ ಅವರು ಹೇಳುವ ವಂಶಾವಳಿ ಬರೆದುಕೊಳ್ಳಬೇಕು. ಮುಸ್ಲಿಂ ಕುಟುಂಬಗಳಿಗೆ ಖಾಜಿಯವರ ನಿಕಾಹ್ ಪುಸ್ತಕ, ಕ್ರೈಸ್ತರಿಗೆ ಚರ್ಚಿನ ರಿಜಿಸ್ಟರ್ ಆಸರೆ. ಜನಗಣತಿ ಪುಸ್ತಕದಲ್ಲಿ ತಲೆ ಎಣಿಕೆ ಮಾತ್ರ ಸಿಗ್ತದ, ಹೆಸರು ಸಿಗೋದಿಲ್ಲ.

ಸರ್ವೆ ನಂಬರ್ ಹಿಡಿದು ಹಿಂದಕ್ಕೆ

ಈಗಿನ ಪಹಣಿಯ ಸರ್ವೆ ನಂಬರಿನಿಂದ ಶುರು ಮಾಡಬೇಕು. ಪೋಡಿಯಾಗಿ ಹಿಸ್ಸಾ ಬಿದ್ದಿದ್ದರೆ ಮೂಲ ನಂಬರ್ ಹಿಡೀಬೇಕು. ಅದೇ ನಂಬರಿನ ಕೈಬರಹದ ಪಹಣಿ, ಅದರ ಹಿಂದೆ 1950ರ ದಶಕದ ಖಾಸ್ರಾ ಪಹಣಿ, ಅದಕ್ಕೂ ಹಿಂದೆ ನಿಜಾಮರ ಕಾಲದ ಸೇತ್ವಾರ್. ಪಾಟೀಲ, ಕುಲಕರ್ಣಿ ವತನದ ಮನೆತನವಾದರೆ 'ವಿರಾಸತ್' ಫೈಲ್ ಕೇಳಬೇಕು. ವತನದಾರ ಸತ್ತಾಗ ವಾರಸುದಾರರು ಯಾರು ಅಂತ ವಿಚಾರಣೆ ಆಗಿ ಬರೆದ ಕಾಗದ ಅದು.

ಕಮಲಾಪುರ ತಾಲ್ಲೂಕಾಗಿದ್ದು 2018ರಲ್ಲಿ. ಮೊದಲು ಅದು ಕಲಬುರಗಿ ತಾಲ್ಲೂಕಿನಲ್ಲೇ ಇತ್ತು. ಆದ್ದರಿಂದ ಕಮಲಾಪುರದಲ್ಲಿ 'ಇಲ್ಲ' ಅಂದರೆ ಸುಮ್ಮನಾಗದೆ ಕಲಬುರಗಿ ತಹಸೀಲ್ ಕಚೇರಿಯ ರೆಕಾರ್ಡ್ ರೂಮಿನಲ್ಲೂ ನಕಲಿಗೆ ಅರ್ಜಿ ಹಾಕಬೇಕು. ಸಂಸ್ಥಾನದ ಮಟ್ಟದ ಹಳೇ ಕಡತಗಳು ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ.

ಫಸ್ಲಿ ಲೆಕ್ಕ, ಉರ್ದು ಓದು

ಕಾಗದದ ಮೇಲಿನ ಇಸವಿ ಫಸ್ಲಿ. ಅದಕ್ಕೆ 590 ಕೂಡಿಸಿದರೆ ಇಂಗ್ಲಿಷ್ ಇಸವಿ. ಫಸ್ಲಿ 1320 ಅಂದರೆ 1910-11. ನಿಜಾಮರ ಫಸ್ಲಿ ವರ್ಷ ಅಕ್ಟೋಬರಿನಲ್ಲಿ, ಆಜುರ್ ತಿಂಗಳಿಂದ ಶುರು.

ಕೆಲವು ಪದ ಗೊತ್ತಿದ್ದರೆ ಅರ್ಧ ಕೆಲಸ ಆದಂಗ. ಮೌಜೆ ಅಂದರೆ ಹಳ್ಳಿ, ಸಾಕಿನ್ ಅಂದರೆ ವಾಸ, ವಲದ್ ಅಂದರೆ ಇಂಥವರ ಮಗ, ಕಾಬಿಜ್ ಅಂದರೆ ಕಬ್ಜಾದಲ್ಲಿ ಇರುವವ. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯೋದಿಲ್ಲ. 'ಸಿದ್ದಪ್ಪ' ಅನ್ನೋದನ್ನ 'ಸದ್ದಪ್ಪ' ಅಂತ ಓದಿಬಿಟ್ಟರೆ ವಂಶವೇ ಬದಲಾಗ್ತದ. ಒಂದೇ ಹೆಸರು ನೋಡಿ ನಂಬಬಾರದು. ತಂದೆ ಹೆಸರು, ಊರು, ಸರ್ವೆ ನಂಬರ್ ಮೂರೂ ಕೂಡಬೇಕು.

ಹೆಣ್ಣುಮಕ್ಕಳು ಎಲ್ಲಿ?

ಹೊಲದ ಕಾಗದದಲ್ಲಿ ಬರೋದು ಹೆಚ್ಚಾಗಿ ಗಂಡಸರ ಹೆಸರು. ಹೆಣ್ಣುಮಗಳು ಕಾಣೋದು 'ಜೌಜೆ', ಅಂದರೆ ಇಂಥವರ ಹೆಂಡತಿ, ಇಲ್ಲಾ 'ಬೇವಾ', ಅಂದರೆ ವಿಧವೆ ಅಂತ. ಲಗ್ನವಾಗಿ ಹೋದ ಮಗಳು ಎಷ್ಟೋ ವಂಶವೃಕ್ಷಗಳಲ್ಲಿ ಇರೋದೇ ಇಲ್ಲ. ಅವರ ಹೆಸರು ಉಳಿದಿರೋದು ಮನೆಯ ಮುದುಕಿಯರ ಬಾಯಾಗ ಮಾತ್ರ.

ಕಾಗದ ಕಪಾಟಿನಲ್ಲಿ ಇನ್ನೊಂದಷ್ಟು ವರ್ಷ ಇರಬಹುದು. ಹಳೇ ಉರ್ದು ಕೈಬರಹ ಓದುವವರು, ಹೆಸರು ನೆನಪಿಟ್ಟವರು ವರ್ಷಾ ವರ್ಷಾ ಕಮ್ಮಿ ಆಗ್ತಿದ್ದಾರ. ಅದಕ್ಕೇ ರೆಕಾರ್ಡ್ ರೂಮಿಗೆ ಹೋಗೋ ಮೊದಲು ಆಯಿ ಹತ್ರ ಕುಂತು ಬರ್ಕೊಳ್ರಿ.